ಒಂದೇ ಕೈಗೆ ಹಲವು ಗಡಿಯಾರ

ವಸ್ತುಗಳನ್ನು ಸಂಗ್ರಹಿಸುವ ಹವ್ಯಾಸ ಮನುಷ್ಯನಿಗೆ ಸಹಜವಾದುದು. ಅಂಚೆಚೀಟಿಗಳನ್ನೂ ನಾಣ್ಯಗಳನ್ನೂ ಕೂಡಿಡುವವರಿರುವಂತೆ ಕೈಗಡಿಯಾರಗಳನ್ನು ಕೂಡಿಡುವವರೂ ಉಂಟು. ಆದರೆ ಇವುಗಳಲ್ಲಿ ಒಂದು ಭೇದವಿದೆ. ಅಂಚೆಚೀಟಿ ಪುಸ್ತಕದಲ್ಲಿ ಮಲಗಿದ್ದರೂ ಅದರ ಬೆಲೆ ಕುಂದದು. ಕೈಗಡಿಯಾರವಾದರೋ ನಡೆಯುವುದಕ್ಕಾಗಿಯೇ ಹುಟ್ಟಿದ ವಸ್ತು. ಹತ್ತು ಗಡಿಯಾರಗಳಿದ್ದರೂ ಕಟ್ಟಿಕೊಳ್ಳುವ ಕೈ ಒಂದೇ.

ಆದ್ದರಿಂದಲೇ ಇಂತಹ ಸಂಗ್ರಹದಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಯಾವುದೋ ಒಂದು ಗಡಿಯಾರ ಒಡೆಯನ ಮನಸ್ಸನ್ನು ಗೆಲ್ಲುತ್ತದೆ. ಉಳಿದವು ಪೆಟ್ಟಿಗೆ ಸೇರುತ್ತವೆ. ಹೀಗೆ ಗೆಲ್ಲುವುದು ಹೆಚ್ಚು ಬೆಲೆಯ ಗಡಿಯಾರವೇ ಆಗಿರಬೇಕೆಂಬ ನಿಯಮವಿಲ್ಲ. ಬೆಂಗಳೂರಿನ ಎಚ್.ಎಂ.ಟಿ. ಕಾರ್ಖಾನೆಯ 'ಜನತಾ' ಗಡಿಯಾರವನ್ನೇ ನೋಡಿ. 1953ರಲ್ಲಿ ಯಂತ್ರೋಪಕರಣಗಳ ತಯಾರಿಕೆಗಾಗಿ ಸ್ಥಾಪಿತವಾದ ಈ ಸಂಸ್ಥೆ, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಕೈಗಡಿಯಾರಗಳನ್ನು ತಯಾರಿಸತೊಡಗಿತು. 'ಜನತಾ' ಆಡಂಬರವಿಲ್ಲದ, ಕೀಲಿ ಕೊಡುವ ಗಡಿಯಾರ. ಆದರೂ ದುಬಾರಿ ಗಡಿಯಾರಗಳನ್ನು ಬದಿಗಿರಿಸಿ ಇದನ್ನೇ ನಿತ್ಯವೂ ಕಟ್ಟಿಕೊಳ್ಳುವವರಿದ್ದಾರೆ.

ಈ ಒಲವಿನ ಗುಟ್ಟು ಅಭ್ಯಾಸದಲ್ಲಿದೆ. ಬೆಳಿಗ್ಗೆ ಕೀಲಿ ತಿರುಗಿಸಿದಾಗ ಒಳಗಿನ ಉಕ್ಕಿನ ಸುರುಳಿ ಬಿಗಿಯುತ್ತದೆ. ಅದು ಮೆಲ್ಲನೆ ಬಿಚ್ಚಿಕೊಳ್ಳುತ್ತ ಹಲ್ಲುಚಕ್ರಗಳನ್ನು ನಡೆಸುತ್ತದೆ. ತೂಗುಚಕ್ರವೊಂದು ಅತ್ತಿತ್ತ ಆಡಿ ಆ ನಡಿಗೆಯನ್ನು ಅಳತೆಯಲ್ಲಿಡುತ್ತದೆ. ಗಂಟೆಗೆ 18,000 ಮಿಡಿತದ ಗಡಿಯಾರ ದಿನವೊಂದಕ್ಕೆ 4,32,000 ಸಲ ಮಿಡಿಯುತ್ತದೆ. ಅದಕ್ಕೆ ನಮ್ಮಿಂದ ಬೇಕಾದುದು ಅರೆನಿಮಿಷದ ಆರೈಕೆ ಮಾತ್ರ. ದಿನವೂ ಆರೈಕೆ ಪಡೆದ ವಸ್ತು ನಮ್ಮದಾಗುತ್ತದೆ. ಅತ್ತ ಪೆಟ್ಟಿಗೆಯಲ್ಲಿರುವವು ಒಂದೆರಡು ದಿನಗಳಲ್ಲಿ ನಿಂತುಹೋಗುತ್ತವೆ. ಮತ್ತೆ ಕಟ್ಟಿಕೊಳ್ಳಬೇಕೆಂದರೆ ಕೀಲಿ ಕೊಟ್ಟು ಮುಳ್ಳುಗಳನ್ನು ಸರಿಪಡಿಸಬೇಕು. ಅವಸರದ ಬೆಳಿಗ್ಗೆ ಕೈ ತಾನಾಗಿ ನಡೆಯುತ್ತಿರುವ ಗಡಿಯಾರದತ್ತಲೇ ಹೋಗುತ್ತದೆ. ಹೀಗೆ ಒಲವು ಬೆಳೆದಂತೆ ಉಪೇಕ್ಷೆಯೂ ಬೆಳೆಯುತ್ತದೆ.

ಬಳಸದೆ ಇಟ್ಟ ವಸ್ತು ಹೊಸದಾಗಿಯೇ ಉಳಿಯುವುದೆಂದು ನಾವು ಭಾವಿಸುತ್ತೇವೆ. ಇದು ಭ್ರಮೆ. ಗಡಿಯಾರದ ಸೂಕ್ಷ್ಮ ಭಾಗಗಳಿಗೆ ಹಾಕಿದ ಎಣ್ಣೆ, ಅದು ಓಡದಿದ್ದರೂ ವರ್ಷಗಳು ಕಳೆದಂತೆ ಗಟ್ಟಿಯಾಗುತ್ತದೆ. ವಿದ್ಯುತ್ಕೋಶದಿಂದ ನಡೆಯುವ ಗಡಿಯಾರದಲ್ಲಿ ಸತ್ತ ಕೋಶವನ್ನು ಹಾಗೆಯೇ ಬಿಟ್ಟರೆ, ಅದರಿಂದ ಸೋರಿದ ದ್ರವ ಯಂತ್ರವನ್ನೇ ಕೆಡಿಸಬಹುದು. ಸೇದದ ಬಾವಿಯ ನೀರು ಪಾಚಿಗಟ್ಟುವಂತೆ, ಬಳಸದ ಯಂತ್ರವೂ ಸೊರಗುತ್ತದೆ.

ಹಾಗಾದರೆ ಮೆಚ್ಚಿದ ಗಡಿಯಾರವನ್ನು ಬಿಡಬೇಕೆ? ಬೇಕಿಲ್ಲ. ಒಂದನ್ನು ಮನಸಾರೆ ಪ್ರೀತಿಸುವುದು ದೋಷವಲ್ಲ. ಬೇಡವಾದವನ್ನು ಬಿಗಿಹಿಡಿದಿರುವುದು ದೋಷ. ಹಿರಿಯರು ಬಿಟ್ಟುಹೋದ ಗಡಿಯಾರವಿದ್ದರೆ ಅದನ್ನು ಆಗಾಗ ನಡೆಸುತ್ತಿರಬೇಕು. ಇತರರಿಗೆ ಉಪಯೋಗವಾಗುವಂತಹುದನ್ನು ಕೊಟ್ಟುಬಿಡಬೇಕು. ಎಚ್.ಎಂ.ಟಿ.ಯ ಕೈಗಡಿಯಾರ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ನೀಡಿತು. ಆದರೂ ಅಲ್ಲಿ ದಶಕಗಳ ಹಿಂದೆ ತಯಾರಾದ ಎಷ್ಟೋ ಗಡಿಯಾರಗಳು ಇಂದಿಗೂ ನಡೆಯುತ್ತಿವೆ. ಅವುಗಳನ್ನು ಬದುಕಿಸಿರುವುದು ಭದ್ರವಾದ ಪೆಟ್ಟಿಗೆಯಲ್ಲ. ಬೆಳಗಾಗುತ್ತಲೇ ಕೀಲಿ ಕೊಡುವ ಬೆರಳುಗಳು, ಕೆಟ್ಟಾಗ ಬಿಚ್ಚಿ ಶುಚಿಮಾಡುವ ಕುಶಲಕರ್ಮಿಯ ಕೈಗಳು. ನಮ್ಮ ಪೆಟ್ಟಿಗೆಯಲ್ಲಿ ನಿಂತಿರುವ ಗಡಿಯಾರ ಮತ್ತೊಬ್ಬರ ಮಣಿಕಟ್ಟಿನಲ್ಲಿ ನಡೆಯುವುದಾದರೆ, ಸಂಗ್ರಹ ಕಿರಿದಾದರೂ ಸಂಪತ್ತು ಹಿರಿದಾಗುತ್ತದೆ.