ಡಬ್ಬಿ ಹಾಲು, ಅಂಗನವಾಡಿ ಊಟ: ಬಾಣಂತಿಯ ಹಕ್ಕುಗಳೇನು?

ಹೆರಿಗೆಯಾದ ಮರುದಿನವೇ ‘ಹಾಲು ಸಾಲ್ತಿಲ್ಲ, ಈ ಡಬ್ಬಿ ತನ್ನಿ’ ಎಂದು ವಾರ್ಡಿನಲ್ಲಿ ಚೀಟಿ ಕೈಗಿತ್ತರೆ ಮನೆಯವರು ಮರುಮಾತಾಡದೆ ಮೆಡಿಕಲ್ ಶಾಪಿಗೆ ಓಡುತ್ತಾರೆ. ಓಡುವ ಮೊದಲು ಏಕೆ ಎಂದು ಕೇಳಿ. ವೈದ್ಯಕೀಯ ಕಾರಣವಿದ್ದರೆ ಡಬ್ಬಿ ಹಾಲು ಬರೆಯುವುದು ತಪ್ಪಲ್ಲ. ಆದರೆ ಅದಕ್ಕೆ ಪ್ರಚಾರ ಕೊಡುವುದು, ತಾಯಂದಿರಿಗೆ ಉಚಿತ ಸ್ಯಾಂಪಲ್ ಹಂಚುವುದು, ಆಸ್ಪತ್ರೆಯಲ್ಲಿ ಪೋಸ್ಟರ್ ಹಚ್ಚುವುದು ಎಲ್ಲವೂ 1992ರ ಶಿಶು ಹಾಲು ಬದಲಿಗಳ ಕಾಯ್ದೆಯಡಿ ಅಪರಾಧ. 2003ರ ತಿದ್ದುಪಡಿಯಂತೆ ಎರಡು ವರ್ಷದವರೆಗಿನ ಮಕ್ಕಳ ಸಿದ್ಧ ಆಹಾರದ ಜಾಹೀರಾತಿಗೂ ನಿಷೇಧವಿದೆ.

ಡಬ್ಬಿಯನ್ನೇ ತಿರುಗಿಸಿ ನೋಡಿ. ತಾಯಿಯ ಹಾಲೇ ಮಗುವಿಗೆ ಶ್ರೇಷ್ಠ ಎಂಬ ಮಾತು ಎದ್ದು ಕಾಣಬೇಕು. ಮಗುವಿನದಾಗಲಿ, ಹೆಂಗಸಿನದಾಗಲಿ ಚಿತ್ರ ಇರಕೂಡದು. ಇದ್ದರೆ ಫೋಟೊ ತೆಗೆದು, ಬಿಲ್ಲಿನ ಪ್ರತಿಯೊಂದಿಗೆ ಆಹಾರ ಸುರಕ್ಷತಾ ಅಧಿಕಾರಿಗೆ ಲಿಖಿತ ದೂರು ಕೊಡಿ. ಅಧಿಕಾರ ಪಡೆದ ಅಧಿಕಾರಿ ಅಥವಾ ಸ್ವಯಂಸೇವಾ ಸಂಸ್ಥೆಯ ದೂರಿನ ಮೇಲಷ್ಟೇ ನ್ಯಾಯಾಲಯ ಪ್ರಕರಣ ಕೈಗೆತ್ತಿಕೊಳ್ಳುತ್ತದೆ. ಹಾಗಾಗಿ ಅವರನ್ನು ಎಚ್ಚರಿಸುವ ನಿಮ್ಮ ಒಂದು ಅರ್ಜಿಗೆ ಬಹಳ ಬೆಲೆಯಿದೆ. ತಪ್ಪು ಸಾಬೀತಾದರೆ 3 ವರ್ಷದವರೆಗೆ ಜೈಲು.

ಆರು ತಿಂಗಳು ಎದೆಹಾಲು ಬಿಟ್ಟು ನೀರೂ ಬೇಡ ಎನ್ನುವವರು ತಾಯಿಯ ತಟ್ಟೆಯ ಕಡೆಗೂ ನೋಡಬೇಕು. ಸೊಪ್ಪು ನಂಜು, ನೀರು ಶೀತ ಎಂಬ ಪಥ್ಯದಲ್ಲಿ ಬಾಣಂತಿಯನ್ನು ಸೊರಗಿಸುವುದು ಅನ್ಯಾಯ. 2013ರ ಆಹಾರ ಭದ್ರತಾ ಕಾಯ್ದೆಯ 4ನೇ ಕಲಂ ಪ್ರಕಾರ ಬಸುರಿಯರಿಗೂ, ಹೆರಿಗೆಯಾಗಿ ಆರು ತಿಂಗಳವರೆಗೆ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಉಚಿತ ಊಟ ಸಿಗಬೇಕು. ಕರ್ನಾಟಕದಲ್ಲಿ 2017ರಿಂದ ಮಾತೃಪೂರ್ಣ ಯೋಜನೆಯಡಿ ಬಿಸಿಯೂಟ, ಮೊಟ್ಟೆ, ಹಾಲು, ಚಿಕ್ಕಿ ಕೊಡಲಾಗುತ್ತಿದೆ. ಈ ಊಟಕ್ಕೆ ಬಿಪಿಎಲ್ ಕಾರ್ಡ್ ಬೇಕಿಲ್ಲ.

ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆಗೆ ರಾಗಿ ಸರಿ, ಮೆತ್ತಗೆ ಹಿಸುಕಿದ ಬೇಳೆ ಅನ್ನ ಶುರು ಮಾಡಬೇಕು. ಅಲ್ಲಿಂದ ಮಗುವಿಗೂ ಅದೇ ಕಾಯ್ದೆಯ 5ನೇ ಕಲಂನಂತೆ ಅಂಗನವಾಡಿಯ ಆಹಾರ ಹಕ್ಕಾಗುತ್ತದೆ. ಮೂರು ವರ್ಷದವರೆಗೆ ಮನೆಗೆ ಒಯ್ಯುವ ಪೊಟ್ಟಣ. ಅದು ದೊಡ್ಡವರ ಅಡುಗೆಗೆ ಸೇರದಿರಲಿ. ಕೆಲಸಕ್ಕೆ ಮರಳಿದ ತಾಯಿಗೆ, ಹೆರಿಗೆ ಸೌಲಭ್ಯದ ಕಾನೂನು ಅನ್ವಯಿಸುವ ಕಡೆ, ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವು ಇದೆ.

ಪೊಟ್ಟಣ, ಊಟ ಬರದಿದ್ದರೆ ಜಿಲ್ಲಾ ಕುಂದುಕೊರತೆ ನಿವಾರಣಾ ಅಧಿಕಾರಿಗೆ ಬರೆಯಿರಿ. ಅಲ್ಲಿಯ ಆದೇಶ ತೃಪ್ತಿ ತರದಿದ್ದರೆ ರಾಜ್ಯ ಆಹಾರ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಕೊಡದ ಆಹಾರಕ್ಕೆ ಭತ್ಯೆ ಕೇಳಲು ಆಹಾರ ಭದ್ರತಾ ಕಾಯ್ದೆಯ 8ನೇ ಕಲಂ ಇದೆ. ಶಿಫಾರಸಾದ ಪರಿಹಾರ ಕೊಡದ ನೌಕರನಿಗೆ ಆಯೋಗ 5,000 ರೂಪಾಯಿವರೆಗೆ ದಂಡ ಹಾಕಬಹುದು. ದೂರು ಕೊಟ್ಟಾಗ ದಿನಾಂಕ, ಮೊಹರು ಇರುವ ಸ್ವೀಕೃತಿ ಪಡೆಯದೆ ಕಚೇರಿಯಿಂದ ಹೊರಡಬೇಡಿ.