ಪಲಕ್ಸಿ ನದಿಯ ಹೆಜ್ಜೆಗಳು

ಯೋಬ 13:7 ತೆಗೆಯಿರಿ. ದೇವರ ಪರವಾಗಿ ಮಾತಾಡೋಕೆ ಸುಳ್ಳು ಬೇಕಾ ಅಂತ ಯೋಬನು ತನ್ನ ಸ್ನೇಹಿತರನ್ನು ಕೇಳುತ್ತಾನೆ. ಈ ಪ್ರಶ್ನೆ ಮೊದಲು ತಾಗಿದ್ದು ನನಗೇ.

ಹೋದ ತಿಂಗಳು ಯೂತ್ ಮೀಟಿಂಗ್‌ನಲ್ಲಿ ಒಂದು ಫೋಟೋ ತೋರಿಸಿದ್ದೆ, ನೆನಪಿದೆಯಾ? ಅಮೆರಿಕದ ಟೆಕ್ಸಾಸ್‌ನಲ್ಲಿ ಗ್ಲೆನ್ ರೋಸ್ ಅನ್ನೋ ಊರು, ಪಲಕ್ಸಿ ನದಿಯ ಸುಣ್ಣಕಲ್ಲಿನ ತಳ. ಡೈನೋಸಾರ್ ಹೆಜ್ಜೆಗುರುತಿನ ಪಕ್ಕದಲ್ಲೇ ಮನುಷ್ಯನ ಹೆಜ್ಜೆ! "ಎವಲ್ಯೂಷನ್ ಕಥೆ ಮುಗೀತು" ಅಂದೆ. ನೀವೆಲ್ಲ ಹಲ್ಲೆಲೂಯ ಅಂದಿರಿ. ಸಿಸ್ಟರ್ ಒಬ್ಬರು ಮಾತ್ರ ಆಮೇಲೆ ಬಂದು, "ಪಾಸ್ಟರ್, ಇದನ್ನ ಚೆಕ್ ಮಾಡಿದ್ರಾ?" ಅಂತ ಕೇಳಿದ್ರು. ಮಾಡಿರಲಿಲ್ಲ. ವಾಟ್ಸಾಪ್‌ನಲ್ಲಿ ಬಂದಿತ್ತು, ಅಷ್ಟೇ.

ಆ ವಾರ ಕೂತು ಓದಿದೆ. ಡೈನೋಸಾರ್ ಹೆಜ್ಜೆಗಳು ನಿಜ. ಆದರೆ ಅದು ಪಾದದ ಹಿಂಭಾಗವನ್ನೂ ಊರಿ ನಡೆದಾಗ ಗುರುತು ಉದ್ದವಾಗುತ್ತೆ. ಬೆರಳಿನ ಗುಳಿಗಳಲ್ಲಿ ಮಣ್ಣು ತುಂಬಿಕೊಂಡರೆ ಉಳಿಯೋದು ಮನುಷ್ಯನ ಪಾದದಂಥ ಆಕಾರ. 1930ರ ದಶಕದ ಕಷ್ಟಕಾಲದಲ್ಲಿ ಊರಿನ ಕೆಲವರು ಕಲ್ಲಲ್ಲಿ ಪಾದ ಕೆತ್ತಿ ಮಾರಿದ್ದೂ ಉಂಟು. ಈ ಹೆಜ್ಜೆಗಳ ಬಗ್ಗೆ ಸಿನಿಮಾ ಮಾಡಿದ್ದ ವಿಶ್ವಾಸಿಗಳೇ 1980ರ ದಶಕದಲ್ಲಿ ಅದನ್ನು ಹಿಂತೆಗೆದುಕೊಂಡರು. ಎಂಥಾ ಧೈರ್ಯ!

1912ರ ಇಂಗ್ಲೆಂಡಿನ ಪಿಲ್ಟ್‌ಡೌನ್ ಬುರುಡೆಯ ಮೋಸ ಹೇಳಿ ನಾವು ನಗ್ತೀವಿ. 1953ರಲ್ಲಿ ಅದನ್ನು ಬಯಲು ಮಾಡಿದ್ದು ವಿಜ್ಞಾನಿಗಳೇ ಅನ್ನೋದನ್ನ ಹೇಳಲ್ಲ.

ಆಕಾಶ ಭೂಮಿಯನ್ನು ದೇವರೇ ಉಂಟುಮಾಡಿದನು ಅಂತ ಇವತ್ತೂ ನಂಬ್ತೀನಿ. ಆ ನಂಬಿಕೆ ಈ ಕಲ್ಲಿನ ಮೇಲೆ ನಿಂತಿಲ್ಲ. ಫೋಟೋನ ಗ್ರೂಪ್‌ನಿಂದ ತೆಗೆದಿದ್ದೀನಿ, ಸಿಸ್ಟರ್ ಹತ್ರ ಕ್ಷಮೆ ಕೇಳಿದ್ದೀನಿ. ನೀವು ಯಾರಿಗೆ ಫಾರ್ವರ್ಡ್ ಮಾಡಿದ್ರೋ ಅವರಿಗೆ ಇವತ್ತೇ ಮೆಸೇಜ್ ಹಾಕಿ: ನಮ್ಮ ಪಾಸ್ಟರ್ ತಪ್ಪು ಹೇಳಿದ್ರು ಅಂತ.