ಹಿಂಗಾರಿಯ ನಕ್ಷೆ ಮತ್ತು ಲಾಗಿನ್ನಿನ ಹೊಸ ನಿಯಮ

ವಿಜಯಪುರ ಜಿಲ್ಲೆಯ ಕನ್ನೊಳ್ಳಿಯಿಂದ ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯವರೆಗಿನ ಎರೆಭೂಮಿಯಲ್ಲಿ ಹಿಂಗಾರಿ ಜೋಳದ ಬಿತ್ತನೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ನಡೆಯುವುದರಿಂದ, ಬೆಳೆಯ ಹಸಿರನ್ನು ಉಪಗ್ರಹಚಿತ್ರಗಳಿಂದ ಅಳೆದು ನಕ್ಷೆ ಮಾಡುವವರಿಗೆ ಅದರ ಮುಂದಿನ ವಾರಗಳು ಬಹಳ ಬೆಲೆಯುಳ್ಳವು. ಯುರೋಪಿನ ಸೆಂಟಿನೆಲ್-2 ಉಪಗ್ರಹಜೋಡಿ 5 ದಿನಕ್ಕೊಮ್ಮೆ ಒಂದೇ ನೆಲದ ಮೇಲೆ ಹಾದು 10 ಮೀಟರ್ ಸ್ಪಷ್ಟತೆಯ ಚಿತ್ರ ತೆಗೆಯುತ್ತದೆ. ಆ ಚಿತ್ರದ ಒಂದು ಚೌಕ ನೆಲದ ಮೇಲಿನ 100 ಚದರ ಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಗುಂಟೆ. ಈ ಚಿತ್ರಗಳನ್ನು ಉಚಿತವಾಗಿ ಹಂಚುತ್ತಿದ್ದ ಕೋಪರ್ನಿಕಸ್ ಯೋಜನೆಯ ಹಳೆಯ ದತ್ತಾಂಶ ಕೇಂದ್ರ ಮುಚ್ಚಿದ್ದು 2023ರ ಅಕ್ಟೋಬರ್ ಕೊನೆಗೆ, ಅಂದರೆ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದ ವರ್ಷದಲ್ಲಿಯೇ. ಸಸ್ಯಸೂಚ್ಯಂಕವು, ಅಂದರೆ ಎಲೆಗಳು ಹಿಂದಿರುಗಿಸುವ ಬೆಳಕಿನಿಂದ ಹಸಿರನ್ನು ಲೆಕ್ಕಹಾಕುವ ಅಂಕಿಯು, ಬರ ನಿರ್ಣಯದ ಮಾನದಂಡಗಳಲ್ಲಿ ಒಂದಾಗಿರುವುದರಿಂದ, ದತ್ತಾಂಶ ಕೇಂದ್ರದೊಡನೆ ಅದರ ಲಾಗಿನ್ನಿನ ನಿಯಮವೂ ಬದಲಾಗುವುದು ರೈತರಿಗೆ ಸಂಬಂಧವಿಲ್ಲದ ತಾಂತ್ರಿಕ ಸಂಗತಿಯಲ್ಲ.

ಹಳೆಯ ಪದ್ಧತಿಯಲ್ಲಿ ತಂತ್ರಾಂಶವು ಪ್ರತಿ ಕೋರಿಕೆಯೊಡನೆ ಬಳಕೆದಾರರ ಹೆಸರನ್ನೂ ಪಾಸ್‌ವರ್ಡನ್ನೂ ಕಳುಹಿಸುತ್ತಿತ್ತು. ಹೊಸ ಪದ್ಧತಿಯಲ್ಲಿ ಅವುಗಳ ಬದಲು ಟೋಕನ್, ಅಂದರೆ ಅಲ್ಪಾವಧಿಗೆ ಮಾತ್ರ ಸಲ್ಲುವ ಪ್ರವೇಶಪತ್ರ, ನಡೆಯುತ್ತದೆ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯೂ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ತಂತ್ರಾಂಶದ ಮೂಲಕ ಪಡೆಯುವವರಿಗೆ 2025ರಲ್ಲಿ ಪಾಸ್‌ವರ್ಡಿನ ಬದಲು ಟೋಕನ್ ಬಳಸುವುದನ್ನು ಕಡ್ಡಾಯಗೊಳಿಸಿತು.

ಇಂಥ ಬದಲಾವಣೆಗಳನ್ನು ಎದುರಿಸಿದವರ ಅನುಭವದಲ್ಲಿ ಹೊಸ ಟೋಕನ್ ಪಡೆಯುವುದು ಸುಲಭ. ಹಳೆಯ ಪಾಸ್‌ವರ್ಡ್ ಎಲ್ಲೆಲ್ಲಿ ಅಡಗಿದೆ ಎಂದು ಹುಡುಕುವುದೇ ದೊಡ್ಡ ಕೆಲಸ. ಅದು ನಕ್ಷೆಯ ಕಡತದೊಳಗೆ, ರಾತ್ರಿ ತಾನಾಗಿ ಓಡುವ ಸಣ್ಣ ಪ್ರೋಗ್ರಾಮಿನೊಳಗೆ, ವರ್ಗವಾಗಿ ಹೋದ ನೌಕರರ ಕಂಪ್ಯೂಟರಿನೊಳಗೆ ಬರಿಗಣ್ಣಿಗೆ ಕಾಣುವ ಅಕ್ಷರಗಳಲ್ಲಿಯೇ ಉಳಿದಿರುತ್ತದೆ, ಮತ್ತು ಆ ಕಡತವನ್ನು ಇಮೇಲ್‌ನಲ್ಲಿ ಕಳುಹಿಸಿದಾಗಲೆಲ್ಲ ಪಾಸ್‌ವರ್ಡೂ ಜೊತೆಗೆ ಹೋಗಿರುತ್ತದೆ. ಉಚಿತ ನಕ್ಷಾ ತಂತ್ರಾಂಶವಾದ ಕ್ಯೂಜಿಐಎಸ್ ಇದಕ್ಕೆ ಒಳ್ಳೆಯ ಪರಿಹಾರ ಒದಗಿಸಿದೆ: ಗುಟ್ಟಿನ ವಿವರಗಳು ಒಂದು ಮುಖ್ಯ ಪಾಸ್‌ವರ್ಡಿನ ಕಾವಲಿನಲ್ಲಿ ಗೂಢಲಿಪಿಯಾಗಿ ಬೇರೆ ಕಡತದಲ್ಲಿರುತ್ತವೆ, ನಕ್ಷೆಯ ಕಡತದಲ್ಲಿ 7 ಅಕ್ಷರಗಳ ಗುರುತು ಮಾತ್ರ ಉಳಿಯುತ್ತದೆ. ತಂಡದ ಪ್ರತಿಯೊಬ್ಬರೂ ಅದೇ ಗುರುತಿನಡಿ ತಮ್ಮದೇ ವಿವರ ತುಂಬಿದರೆ, ಒಂದೇ ನಕ್ಷೆ ಎಲ್ಲರ ಕಂಪ್ಯೂಟರಿನಲ್ಲೂ ತೆರೆಯುತ್ತದೆ. ಆ ಮುಖ್ಯ ಪಾಸ್‌ವರ್ಡ್ ಮರೆತರೆ ಮರಳಿ ಪಡೆಯುವ ದಾರಿಯಿಲ್ಲ, ಎಲ್ಲವನ್ನೂ ಹೊಸದಾಗಿ ತುಂಬಬೇಕಾಗುತ್ತದೆ.

ಇಡೀ ಕಚೇರಿ ಒಂದೇ ಖಾತೆಯನ್ನು ಹಂಚಿಕೊಳ್ಳುವ ರೂಢಿ ಹೊಸ ನಿಯಮಗಳೆದುರು ನಿಲ್ಲಲಾರದು; ಲಾಗಿನ್ನಿಗೆ ಒಟಿಪಿಯೂ ಬೇಕಾದಲ್ಲಿ ಅದು ಒಬ್ಬರ ಮೊಬೈಲಿಗಷ್ಟೇ ಬರುವುದರಿಂದ, ಅವರು ರಜೆಯಲ್ಲಿದ್ದರೆ ಕೆಲಸವೇ ನಿಲ್ಲುತ್ತದೆ. ಟೋಕನ್ನಿನ ಅವಧಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಏಕೆಂದರೆ ನಿಧಾನದ ಇಂಟರ್‌ನೆಟ್ಟಿನಲ್ಲಿ ಒಂದರ ಹಿಂದೊಂದು ಚಿತ್ರ ಇಳಿಸಿಕೊಳ್ಳುತ್ತಿರುವಾಗ ಅದು ನಡುವೆಯೇ ಮುಗಿದರೆ, ತಾನಾಗಿ ನವೀಕರಿಸಿಕೊಳ್ಳದ ಪ್ರೋಗ್ರಾಂ ಅಲ್ಲಿಗೇ ನಿಲ್ಲುತ್ತದೆ.

ಈ ಸಿದ್ಧತೆಗೆ ಹೊಲಗಳು ಖಾಲಿಯಿರುವ ಬೇಸಿಗೆಯೇ ತಕ್ಕ ಕಾಲ. ಇಂಡಿ ಶಾಖಾ ಕಾಲುವೆಯ ಅಚ್ಚುಕಟ್ಟಿನಂಥ ಪರಿಚಿತ ಪ್ರದೇಶವೊಂದನ್ನು ಆರಿಸಿ, ಹಿಂದೆ ನಕ್ಷೆ ಮಾಡಿಟ್ಟ ಒಂದು ದಿನಾಂಕದ ಚಿತ್ರವನ್ನು ಹೊಸ ಲಾಗಿನ್ನಿನಿಂದ ಮತ್ತೆ ತರಿಸಿ, ಹಳೆಯ ಮತ್ತು ಹೊಸ ಚಿತ್ರಗಳ ಸಸ್ಯಸೂಚ್ಯಂಕಗಳನ್ನು ಹೋಲಿಸಿ ನೋಡಬೇಕು. ದತ್ತಾಂಶ ಕೇಂದ್ರ ಬದಲಾದಾಗ ಚಿತ್ರಗಳ ಸಂಸ್ಕರಣೆಯೂ ಬದಲಾಗಿರಬಹುದಾದ್ದರಿಂದ, ಸಂಪರ್ಕ ಸಿಕ್ಕಿತೆಂಬಷ್ಟಕ್ಕೇ ಪರೀಕ್ಷೆಯನ್ನು ಮುಗಿಸಬಾರದು.